ಸೋದರಮಾವನ ಶಾಲು

ಗಂಡಿನ ಸೋದರಮಾವ ರಂಗಧಾಮಯ್ಯನವರ ಬಾಯಲ್ಲಿ ಒಂದೇ ಇಂಗ್ಲಿಷ್ ಮಾತು. ಛತ್ರದ ದೊಡ್ಡ ಕೋಣೆ ಬೇಕೆಂದರೂ "ಅಡ್ಜಸ್ಟ್ ಮಾಡಿ", ಮತ್ತೊಮ್ಮೆ ಕಾಫಿ ಬೇಕೆಂದರೂ "ಅಡ್ಜಸ್ಟ್ ಮಾಡಿ". ಮುಹೂರ್ತ ಮುಗಿಯುತ್ತಲೇ, ಹೇಳದೆ ಕೇಳದೆ, ಅವರ ಕಡೆಯ ಎರಡು ಬಸ್ಸು ಜನ ಬಂದಿಳಿದರು.

"ಎಲ್ಲ ನಮ್ಮ ಊರಿನವರೇ. ಊಟಕ್ಕೆ ಅಡ್ಜಸ್ಟ್ ಮಾಡಿ. ಹೋಳಿಗೆ ಮುಗಿಯಿತು ಅಂದಿರೋ, ದಿಬ್ಬಣ ಎದ್ದು ಹೋಗುತ್ತದೆ!"

ಹುಡುಗಿಯ ತಾಯಿ ಪದ್ಮಾವತಮ್ಮ ಅಡುಗೆಮನೆಗೆ ಓಡಿದರು. "ತುಂಗಕ್ಕ, ಮಾನ ಹೋಯಿತು! ಹೋಳಿಗೆ ಸಾಲುತ್ತದೆಯೇ?"

"ತಲೆಗೊಂದಾದರೆ ಸಾಲುತ್ತದಮ್ಮ. ಎರಡನೆಯದು ಕೇಳಿದರೆ ಇಲ್ಲ," ಎಂದಳು ಅಡುಗೆಯ ತುಂಗಕ್ಕ. "ನಿಮ್ಮ ಯಜಮಾನರಿಗೆ ಒಂದು ಶಾಲು ತರಲು ಹೇಳಿ."

ಮೊದಲ ಎಲೆಗೇ ಕೂತಿದ್ದ ರಂಗಧಾಮಯ್ಯನವರನ್ನು ತುಂಗಕ್ಕ ಎಬ್ಬಿಸಿ, ಹುಡುಗಿಯ ತಂದೆಯ ಕೈಯಿಂದ ಶಾಲು ಹೊದಿಸಿದಳು. "ಇಂದಿನ ಊಟಕ್ಕೆ ಇವರೇ ಯಜಮಾನರು! ಉಪಚಾರವೆಲ್ಲ ಇವರದೇ!" ಎಂದು ಪಂಕ್ತಿಗೆಲ್ಲ ಕೇಳುವಂತೆ ಸಾರಿದಳು. ಜನ ಚಪ್ಪಾಳೆ ತಟ್ಟಿದರು.

ರಂಗಧಾಮಯ್ಯ ಮೀಸೆ ತಿರುವಿದರು. ತಿರುವಿದ ಕೈ ಅಲ್ಲೇ ನಿಂತಿತು. ಯಜಮಾನನಾದವನು ಉಣ್ಣುವುದು ಎಲ್ಲರೂ ಎದ್ದ ಮೇಲೆ! ಅತ್ತ ಹೋಳಿಗೆಯ ಬುಟ್ಟಿ ಬರಿದಾಗುತ್ತಿತ್ತು.

"ಇನ್ನೊಂದು ಹಾಕಿ," ಎಂದ ಅವರ ಊರಿನವನೊಬ್ಬ.

"ಒಂದು ಸಾಕಯ್ಯ! ಸ್ವಲ್ಪ ಅಡ್ಜಸ್ಟ್ ಮಾಡಿಕೋ!" ರಂಗಧಾಮಯ್ಯ ಗದರಿದರು. ಆಮೇಲೆ ಪಂಕ್ತಿಯುದ್ದಕ್ಕೂ ಅದೇ ಮಾತು.



ಎಲ್ಲರೂ ಎದ್ದ ಮೇಲೆ ರಂಗಧಾಮಯ್ಯ ಬೆವರೊರೆಸುತ್ತ ಎಲೆಯ ಮುಂದೆ ಕೂತರು. ತುಂಗಕ್ಕ ಎರಡು ಹೋಳಿಗೆ ಬಡಿಸಿದಳು.

"ಸಂಕೋಚ ಬೇಡ ಸ್ವಾಮಿ. ಉಳಿಸಿದವರು ನೀವೇ ಅಲ್ಲವೇ!"