ಆಚೆ ಬದಿಯ ಹಲ್ಲು

ಶಿಷ್ಯನು ಕೇಳಿದನು: "ಗುರುಗಳೇ, ನಿಮ್ಮ ಪಾಠಗಳೆಲ್ಲ ನನ್ನ ಮೊಬೈಲಿನಲ್ಲಿವೆ. ಬಿಡುವಾದಾಗ ಮನೆಯಲ್ಲೇ ಕೇಳಿ ನನ್ನನ್ನು ನಾನೇ ತಿದ್ದಿಕೊಳ್ಳಬಹುದು. ಹೀಗಿರುವಾಗ ಪ್ರತಿ ವಾರ ಇಷ್ಟು ದೂರ ಬರಬೇಕೇ?"

"ಇವತ್ತು ಬಸ್ಸಿನಲ್ಲಿ ಸೀಟು ಸಿಗಲಿಲ್ಲವೇನೋ?" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮರ ಕೊಯ್ಯುವವನಿದ್ದ. ಅವನಿಗೊಬ್ಬ ಜೊತೆಗಾರ, ವಯಸ್ಸಿನಲ್ಲಿ ಹಿರಿಯ. ಆಗ ಮರ ಕೊಯ್ಯಲು ಇಬ್ಬರು ಹಿಡಿಯುವ ಗರಗಸ. ಬೆಳಿಗ್ಗೆ ಕೆಲಸಕ್ಕೆ ಮೊದಲು ಅದನ್ನು ನಡುವೆ ನಿಲ್ಲಿಸಿ ಇಬ್ಬರೂ ಎದುರುಬದುರು ಕೂರುತ್ತಿದ್ದರು. ಗರಗಸದ ಹಲ್ಲು ಒಂದು ಆ ಕಡೆ ಬಾಗಿದರೆ ಮುಂದಿನದು ಈ ಕಡೆ. ತನ್ನ ಕಡೆಯ ಹಲ್ಲಿಗೆ ಮಾತ್ರ ಅರ ಹಾಕಿ ಹರಿತ ಮಾಡಬೇಕು, ಇನ್ನೊಬ್ಬನ ಹಲ್ಲು ಮುಟ್ಟಬಾರದು. ಅದು ಅವರ ಕಟ್ಟಳೆ. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಅರ. ಯಾರ ಎಮ್ಮೆ ಕರು ಹಾಕಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲವೂ ಅಲ್ಲೇ ತೀರ್ಮಾನ. ಜಗಳವೂ ಅಲ್ಲೇ ಆಗುತ್ತಿತ್ತು, ಅಲ್ಲೇ ಮುಗಿಯುತ್ತಿತ್ತು. ಎಂಥ ಬೆಳಗುಗಳು ಅವು! ಆ ಅರದ ಕಿರಿಕಿರಿ ಸದ್ದೂ ಈಗ ನೆನೆದರೆ ಹಿತವಾಗಿದೆ.

ಮುಂದೆ ಪೆಟ್ರೋಲಿನ ಗರಗಸ ಬಂತು. ಚೈನು ತಿರುಗಿ ಮರ ಕೊಯ್ಯುವ ಯಂತ್ರ, ಒಬ್ಬನಿದ್ದರೆ ಸಾಕು. ಜೊತೆಗಾರ ಕೊಂಬೆ ಕಡಿದು ಕೊಡುವ ಕೆಲಸಕ್ಕೆ ನಿಂತ. ಆದರೆ ಚೈನಿನಲ್ಲೂ ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ. ಆದ್ದರಿಂದ ಬೆಳಗಿನ ಕೂರುವಿಕೆ ತಪ್ಪಲಿಲ್ಲ. ಹಿರಿಯನದು ನಿಧಾನದ ಕೈ. ಹಲ್ಲಿಗೆ ಮೂರು ಸಲ ಅರ ಆಡಿಸುವನು, ಹೆಬ್ಬೆರಳಿನಿಂದ ಸವರಿ ನೋಡುವನು, ಮತ್ತೆ ಆಡಿಸುವನು. ಮರ ಕೊಯ್ಯುವವನ ಫೋನು ಬಡಿದುಕೊಳ್ಳುತ್ತಲೇ ಇರುತ್ತಿತ್ತು.

ಒಂದು ದಿನ ಅವನೆಂದ: "ಅಣ್ಣಾ, ನಾಳೆಯಿಂದ ನೀ ಇಷ್ಟು ಬೇಗ ಬರಬೇಡ. ಅರ ನಾನೇ ಹಾಕ್ಕೊಳ್ತೀನಿ. ಅದೇ ಅನುಕೂಲ."

ಹಿರಿಯ ತನ್ನ ಅರವನ್ನು ಬಟ್ಟೆಯಿಂದ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಮಾರನೆಯ ದಿನ ಅವನು ತಡವಾಗಿಯೂ ಬರಲಿಲ್ಲ.

ಅನುಕೂಲವೇನೋ ಆಯಿತು. ಲೋಟದ ಕಾಫಿ ಆರುವ ಮೊದಲೇ ಕೆಲಸ ಮುಗಿಯುತ್ತಿತ್ತು. ಒಂದು ಬದಿಯ ಹಲ್ಲು ಅವನ ಕೈಗೆ ಸಲೀಸು, ಇನ್ನೊಂದು ಬದಿಯದು ಕೈಗೆ ಅಡ್ಡ. ಆ ಬದಿಗೆ ದಿನವೂ ಕೂದಲೆಳೆಯಷ್ಟು ಕಡಿಮೆ ಬೀಳುತ್ತಿತ್ತು. ಅವನಿಗದು ಕಾಣಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಯಂತ್ರ ಗೆರೆ ಬಿಟ್ಟು ಒಂದೇ ಕಡೆ ಸರಿಯತೊಡಗಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಮರವನ್ನು ಬೈದ, ಯಂತ್ರ ಮಾರಿದವನನ್ನು ಬೈದ, ಇನ್ನಷ್ಟು ಅರ ಹಾಕಿದ. ಹಾಕಿದ್ದು ಅದೇ ಕೈಯಲ್ಲಿ. ಡೊಂಕು ಹೆಚ್ಚಿತು. ಕೊನೆಗೆ, ಒಬ್ಬಾಕೆ ಮಗಳ ಮನೆಯ ಬಾಗಿಲಿಗೆಂದು ಹತ್ತು ವರ್ಷ ಒಣಗಿಸಿಟ್ಟಿದ್ದ ಹಲಸಿನ ದಿಮ್ಮಿ ಅವನ ಕೈಯಲ್ಲಿ ಕೆಟ್ಟುಹೋಯಿತು. ಆಕೆ ಬೈಯಲಿಲ್ಲ. ಕೆಟ್ಟ ದಿಮ್ಮಿಯ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಳು. ಅದನ್ನು ಅವನಿಂದ ನೋಡಲಾಗಲಿಲ್ಲ.

ಅಂದೇ ಚೈನು ಬಿಚ್ಚಿಕೊಂಡು ಹಿರಿಯನ ಮನೆಗೆ ಹೋದ. ಹಿರಿಯನಿಗೆ ಅಷ್ಟರಲ್ಲಿ ಕಣ್ಣು ಮಂಜಾಗಿತ್ತು. ಚೈನನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದ.

"ಒಂದೇ ಕಡೆ ಅರ ಹಾಕಿದ್ದೀಯಲ್ಲೋ ತಮ್ಮಾ."

"ಇಲ್ಲಣ್ಣ, ಎರಡೂ ಕಡೆ ಹಾಕಿದೆ."

"ನಿನ್ನ ಕೈ ನಿನಗೆ ಹಾಗೇ ಹೇಳುತ್ತೆ. ಕೂತ್ಕೋ."

ಇಬ್ಬರೂ ಎದುರುಬದುರು ಕುಳಿತರು. ಹಿರಿಯ ಎಲೆಗೆ ಸುಣ್ಣ ಹಚ್ಚಿ ಕೊಟ್ಟ. ಮರ ಕೊಯ್ಯುವವನ ಕಣ್ಣು ತುಂಬಿ ಬಂದು ತನ್ನ ಕಡೆಯ ಹಲ್ಲೇ ಕಾಣದಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೈಮುಗಿದು ಹೇಳಿದನು: "ತಿಳಿಯಿತು ಗುರುಗಳೇ. ನನ್ನ ಡೊಂಕು ನನಗೆ ಕಾಣುವುದಿಲ್ಲ. ಅದನ್ನು ತಿದ್ದಿಸಿಕೊಳ್ಳಲು ನಾನು ನಿಮ್ಮಲ್ಲಿಗೆ ಬರಲೇಬೇಕು."

ಗುರುಗಳು ಹೇಳಿದರು: "ನಿನ್ನದು ಹಾಗಿರಲಿ ಮಗೂ, ನೀನು ಬಾರದಿದ್ದರೆ ನನ್ನ ಆಚೆ ಬದಿಯ ಹಲ್ಲಿಗೆ ಅರ ಹಾಕುವವರು ಯಾರು?"