ಕೂಸಿನ ಮಾತು ಹೊಳೆಗೆ ಬಿದ್ದದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಅರ್ಧ ಬೋಳಿಸಿ. ಏಳೂರಿನಲ್ಲಿ ಇಂಥ ಮೀಸೆ ಇನ್ನೊಂದಿಲ್ಲ, ಸುಮ್ಮಸುಮ್ಮನೆ ಪಣಕ್ಕಿಡುವಂಥದ್ದಲ್ಲ.

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಆಗ ಕೂಸುಗಳು ಮಾತಾಡುತ್ತಲೇ ಹುಟ್ಟುತ್ತಿದ್ದವು. ಹೊಕ್ಕುಳು ಕೊಯ್ಯುವ ಮೊದಲೇ "ಕುಡುಗೋಲು ತೊಳೆದಿದೀಯೇನಜ್ಜಿ?" ಎಂದು ಸೂಲಗಿತ್ತಿಯನ್ನು ಗದರಿಸುತ್ತಿದ್ದವು.

ಆಗ ಮೂಡಗಾಳಿಯೂ ಇತ್ತು. ತನಗೆ ಹೆಸರು ತಿಳಿದ ಕೂಸನ್ನು ಮಾತ್ರ ಅದು ಎತ್ತಿಕೊಂಡು ಹೋಗಬಲ್ಲದು. ಬಾಗಿಲಲ್ಲಿ ನಿಂತು ಮೆತ್ತಗೆ ಕೇಳುತ್ತಿತ್ತು, "ಯಾರಪ್ಪಾ ಒಳಗೆ?"

ಗಿರಿಯವ್ವ ಅಂತ ಒಬ್ಬಳಿದ್ದಳು. ಅವಳ ಮೊದಲ ಕೂಸು ಹೆಸರು ಹೇಳಿತು. ತೊಟ್ಟಿಲು ತಣ್ಣಗಾಯಿತು. ಎರಡನೆಯದೂ ಹೇಳಿತು. ತೊಟ್ಟಿಲು ತಣ್ಣಗಾಯಿತು.

ಮೂರನೆಯದನ್ನು ಅವಳು ತಿಪ್ಪೆಯಲ್ಲಿ ಉರುಳಿಸಿ, ತಿಪ್ಪ ಎಂದು ಕರೆದಳು; ಕಸವೆಂದುಕೊಂಡು ಗಾಳಿ ಬಿಟ್ಟುಹೋಗಲಿ ಎಂದು.

"ಯಾರಪ್ಪಾ ಒಳಗೆ?"

"ತಿಪ್ಪ ಅನ್ನು ಅಂದಿದಾಳೆ ಅವ್ವ. ಅವಳ ಮನಸ್ಸಲ್ಲಿರೋ ಹೆಸರು ಹೊನ್ನಯ್ಯ!" ಎಂದಿತು ಕೂಸು, ಜಂಬದಿಂದ.

ಗಂಜಿ ಆರುವುದರೊಳಗೆ ತೊಟ್ಟಿಲು ತಣ್ಣಗಾಯಿತು.

ನಾಲ್ಕನೆಯದು ಹೆಣ್ಣು. ಹಸಿಬಾಣಂತಿ ಅದನ್ನು ಎದೆಗವುಚಿಕೊಂಡು ಹೊಳೆಗೆ ಓಡಿದಳು.

"ಹೊಳೆಯವ್ವಾ, ಇದೊಂದನ್ನ ಉಳಿಸಿಕೊಡು."

"ಇದರ ಮಾತೆಲ್ಲ ನನ್ನಲ್ಲಿ ಬಿಡು," ಎಂದಿತು ಹೊಳೆ. "ಒಂದೊಂದು ಮಾತನ್ನೂ ನೀನು ಸಾವಿರ ಸಲ ಕರೆದರೆ ಹಿಂದಕ್ಕೆ ಕಳಿಸ್ತೀನಿ. ಅಷ್ಟರಲ್ಲಿ ಬಾಯಿ ಮುಚ್ಚಿಕೊಳ್ಳೋ ಬುದ್ಧಿಯೂ ಬಂದಿರುತ್ತೆ."

ಕೂಸು ಅವಳ ಸೆರಗು ಹಿಡಿಯಿತು. "ಬೇಡವ್ವಾ. ಆಮೇಲೆ ನಿನ್ನ ಜೊತೆ ಮಾತಾಡೋರು ಯಾರು?"

"ಬದುಕಿರು ನನ್ನವ್ವಾ. ಅಷ್ಟು ಸಾಕು," ಎಂದು ಗಿರಿಯವ್ವ ಕಣ್ಣು ಮುಚ್ಚಿ ಅದನ್ನು ಮುಳುಗಿಸಿ ಎತ್ತಿದಳು. ಮಾತುಗಳೆಲ್ಲ ನೊರೆಯಾಗಿ ತೇಲಿಹೋದವು.

ಮನೆಗೆ ಮರಳುತ್ತಲೇ ಬಾಗಿಲಿಗೆ ಗಾಳಿ ಬಂತು. "ಯಾರವ್ವಾ ಒಳಗೆ?"

"ಬ್ಬ ಬ್ಬ ಬ್ಬ."

"ಯಾರೂ?"

"ಬ್ಬ ಬ್ಬ."

"ಥೂ, ಅಂಬಲಿ ಕುದೀತಿದೆ," ಎಂದು ಗಾಳಿ ಹೊರಟುಹೋಯಿತು. ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ಗಿರಿಯವ್ವ ಕರೆಯುತ್ತ ಕೂತಳು. ಇದು ಕಾಗೆ. ಇದು ಕೈ. ಇದು ಹಾಲು. ಕೂಸು ಸುಮ್ಮನೆ ಅವಳ ಬಾಯಿ ನೋಡುತ್ತಿತ್ತು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಅವಳ ಗಂಟಲು ಒಡೆಯಿತು. ಒಂದು ದಿನ ಕೂಸು ಅವಳ ತುಟಿ ಮುಟ್ಟಿ, "ಅವ್ವ," ಎಂದಿತು. ಮೂರು ತಣ್ಣನೆ ತೊಟ್ಟಿಲಿಗೂ ಅಳದೆ ಕಲ್ಲಾಗಿದ್ದವಳು ಅವತ್ತು ಅತ್ತಳು.

ಅದಕ್ಕೇ ಇಂದಿಗೂ ಕೂಸುಗಳು ಬ್ಬ ಬ್ಬ ಎನ್ನುತ್ತವೆ, ಉತ್ತರ ಕೊಡದ ಕೂಸಿನ ಜೊತೆ ಅವ್ವಂದಿರು ದಿನವಿಡೀ ಮಾತಾಡುತ್ತಾರೆ. ಮಾತು ಬಂದ ಮೇಲೂ, ಹೊಸಬರು ಹೆಸರು ಕೇಳಿದರೆ ಮಕ್ಕಳು ಬಾಯಿಗೆ ಬೆರಳಿಟ್ಟು ಅವ್ವನ ಸೀರೆಯ ಹಿಂದೆ ಅಡಗುತ್ತಾರೆ.

ಎಲ್ಲ ನಿಜ. ಗಾಳಿ ಮತ್ತೆ ಆ ಬಾಗಿಲಿಗೆ ಬರಲಿಲ್ಲ ಎಂದೆನಲ್ಲ, ಅದೊಂದು ಚೂರು ಮಾತ್ರ ನಾನು ಸೇರಿಸಿದ್ದು.