ಎಲೆಕೊಪ್ಪದ ತವರುಗಾಲುವೆ

ಎಲೆಕೊಪ್ಪದ ವೀಳ್ಯದೆಲೆ ತೋಟಗಳ ನಡುವೆ ಓರೆಯಾಗಿ ಹಾಯ್ದು ಹಳ್ಳಕ್ಕೆ ಇಳಿಯುವ ಕಲ್ಲಿನ ಕಾಲುವೆಯೊಂದಿದೆ. ಬೇರೆ ಊರುಗಳಲ್ಲಿ ಕಾಲುವೆ ನೀರು ತಂದರೆ, ಇದರ ಕೆಲಸ ನೀರನ್ನು ಕಳಿಸುವುದು. ಆಡಿನ ಮರಿಯೂ ಜಿಗಿದು ದಾಟುವಷ್ಟೇ ಅಗಲ. ಆದರೂ ಊರಿನವರು ಅದನ್ನು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿಯುತ್ತಾರೆ, ಅದರ ತಲೆಯ ಬಳಿಯ ಕಲ್ಲಿಗೆ ಹಸಿರು ಬಳೆ ಏರಿಸುತ್ತಾರೆ. ಹೆಸರು ತವರುಗಾಲುವೆ. ಈ ಹೆಸರು ಹೇಗೆ ಬಂತೆಂದು ಕೇಳಿದರೆ ಹಿರಿಯರು ತಮ್ಮ ಮುತ್ತಜ್ಜರಿಗೂ ಹಿಂದಿನವಳಾದ ಹಂಪವ್ವನ ಕಥೆ ತೆಗೆಯುತ್ತಾರೆ.

ಹಿಂದೆ ಒಮ್ಮೆ ಈ ಊರಿಗೆ ಹಳ್ಳ ಬಿಟ್ಟರೆ ಬೇರೆ ನೀರಿರಲಿಲ್ಲ. ಹಂಪವ್ವ ಗಂಡನನ್ನು ಕಳೆದುಕೊಂಡವಳು; ಅವನು ನೆಟ್ಟುಹೋದ ಎಲೆತೋಟವನ್ನು ಹಳ್ಳದಿಂದ ಕೊಡ ಹೊತ್ತು ಬದುಕಿಸಿದ್ದಳು. ಆಕೆಗಿದ್ದದ್ದು ಆ ತೋಟ ಮತ್ತು ಸಂಗವ್ವ ಎಂಬ ಒಬ್ಬಳೇ ಮಗಳು. ಮದುವೆಯಾದ ಮೊದಲ ವರ್ಷ ಸಂಗವ್ವ ನಾಗರಪಂಚಮಿಗೆ ತವರಿಗೆ ಬಂದಳು. ಅದೇ ಹಬ್ಬದ ಜಡಿಮಳೆಯಲ್ಲಿ ತೋಟದ ನಡುವೆ ನೆಲ ಒಡೆದು ನೀರು ಉಕ್ಕಿತು. ಊರಿಗೆ ಊರೇ ಓಡಿಬಂತು. ಗಂಗವ್ವ ತಾನಾಗಿಯೇ ಬಂದಿದ್ದಾಳೆಂದು ಆರತಿ ಎತ್ತಿದರು; ಆಕೆ ಹರಿದುಹೋಗದಿರಲೆಂದು ತಗ್ಗಿನ ಬದಿಗೆ ಕಲ್ಲು ಮಣ್ಣು ಸುರಿದು ಕಟ್ಟೆಯನ್ನೂ ಕಟ್ಟಿದರು. ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತವಳು ಹಂಪವ್ವನೇ ಎನ್ನುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಮನೆಗೆ ಬಂದಂತಾಗಿ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎಲೆಬಳ್ಳಿ ತೇವ ಬಯಸುವ ಬಳ್ಳಿಯೇನೋ ಹೌದು, ಆದರೆ ನಿಂತ ನೀರು ಅದಕ್ಕಾಗದು. ಮಳೆ ಹಿಂಜರಿದರೂ ತೋಟದ ನೀರು ಹಿಂಜರಿಯಲಿಲ್ಲ. ಎಲೆಗಳು ಹಳದಿಯಾದವು, ಬಳ್ಳಿ ಹಬ್ಬಿದ್ದ ನುಗ್ಗೆಮರಗಳು ಬುಡ ಸಡಿಲಾಗಿ ವಾಲಿದವು. ಹಂಪವ್ವ ಮಡಿಗಳಿಗೆ ಮಣ್ಣೇರಿಸಿ ನೋಡಿದಳು, ಕೊಡದಲ್ಲಿ ನೀರು ತೋಡಿ ಚೆಲ್ಲಿ ನೋಡಿದಳು. ತೋಡಿದಷ್ಟೂ ತುಂಬಿತು. ಒಂದು ಬಳ್ಳಿ ಕಿತ್ತು ನೋಡಿದರೆ ಬೇರು ಕಪ್ಪಾಗಿ ನಾರುತ್ತಿತ್ತು. ಕಟ್ಟೆ ಒಡೆದು ಹಳ್ಳದವರೆಗೆ ದಾರಿ ತೋಡದೆ ತೋಟ ಉಳಿಯದೆಂದು ತಿಳಿದು ಊರಗೌಡನ ಬಳಿ ಹೋದಳು. ವಿರುಪನಗೌಡ ಕೆಟ್ಟವನಲ್ಲ, ದೇವರಿಗೆ ತುಸು ಹೆಚ್ಚೇ ಹೆದರುವವನು. “ಮನಿಗೆ ಬಂದ ಗಂಗವ್ವನ್ನ ಹೊರಗ ಹಾಕ್ತೀಯೇನ? ಹಾಕಿದ್ರ ನಿನ್ನ ತ್ವಾಟದ ಎಲಿ ಈ ಊರಾಗ ಯಾರೂ ಮುಟ್ಟಂಗಿಲ್ಲ, ತಿಳ್ಕೊ” ಎಂದ. ಕಟ್ಟೆ ಇದ್ದರೆ ತೋಟ ಕೊಳೆಯುತ್ತದೆ, ಒಡೆದರೆ ಎಲೆ ಕೊಳ್ಳುವವರಿಲ್ಲ. ಹಂಪವ್ವ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಮರಳಿದಳು.

ಇತ್ತ ಸಂಗವ್ವನ ಗಂಡ ಕರೆಯಲು ಬಂದು ಬಂದು ಬರಿಗೈಯಲ್ಲಿ ತಿರುಗಿದ್ದ. ಹಂಪವ್ವ ಒಮ್ಮೆ ಅಮಾವಾಸ್ಯೆಯ ನೆಪ ಹೇಳಿದಳು, ಇನ್ನೊಮ್ಮೆ ಜ್ವರವೆಂದು ಕಂಬಳಿ ಹೊದ್ದು ಮಲಗಿದಳು. ಮಗಳಿಲ್ಲದ ಮನೆಯನ್ನು ನೆನೆದರೆ ಆಕೆಗೆ ಭಯವಾಗುತ್ತಿತ್ತು, ಅಷ್ಟೇ. ಒಂದು ದಿನ ತಾಯಿ ಮಗಳಿಬ್ಬರೂ ತೋಟದ ನೀರು ತೋಡುತ್ತಿದ್ದಾಗ ಸಂಗವ್ವ ಕೊಡ ಕೆಳಗಿಟ್ಟಳು. “ಅವ್ವಾ, ಗಂಗವ್ವನ ಮನಿ ಹಳ್ಳದಾಗ ಐತಿ. ನನ್ನ ಹಿಡ್ಕೊಂಡಂಗ ಆಕೀನ್ನೂ ಹಿಡ್ಕೊಂಡು ಕುಂತೀಯಲ್ಲ” ಎಂದಳು. ಹಂಪವ್ವ ಕಟ್ಟೆಯ ಮೇಲೆ ಕುಳಿತು ಮನಸಾರೆ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಗೌಡನ ಬಾಗಿಲಿಗೆ ಹೋದಳು. “ನಾ ಯಾರನ್ನೂ ಹೊರಗ ಹಾಕಾಕತ್ತಿಲ್ರಿ ಗೌಡ್ರ. ಮಗಳಂಗ ಗಂಗವ್ವನ್ನ ಆಕಿ ಮನಿಗೆ ಕಳಸಾಕತ್ತೀನಿ. ಉಡಿ ತುಂಬಾಕ ನಿಮ್ಮ ಮನಿ ಹೆಣಮಕ್ಕಳನ್ನ ಕಳಸ್ರಿ” ಎಂದಳು. ತವರಿನಿಂದ ಹೊರಟ ಮಗಳ ಉಡಿ ತುಂಬಲು ಕರೆದರೆ ಒಲ್ಲೆನ್ನುವ ಮನೆ ಆ ಸೀಮೆಯಲ್ಲಿರಲಿಲ್ಲ. ಗೌಡ ತಾನೇ ಗುದ್ದಲಿ ಹಿಡಿದು ಬಂದ.

ಅಗೆದ ಕಾಲುವೆಯಲ್ಲಿ ನೀರು ತುಂಬಿ ಕೆಲಸ ಕೆಡಬಾರದೆಂದು ಹಳ್ಳದ ಕಡೆಯಿಂದ ಅಗೆಯುತ್ತ ಮೇಲೆ ಬಂದರು, ಬೇರಿನ ಮಟ್ಟಕ್ಕಿಂತ ಆಳಕ್ಕೆ, ಇಳಿಜಾರು ತಪ್ಪದಂತೆ. ಕೊನೆಗೆ ಒಡೆಯಲು ಕಟ್ಟೆ ಮಾತ್ರ ಉಳಿಯಿತು. ಹೆಂಗಸರು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು, ಬಳೆ ತಂದರು. ಉಡಿಯ ಎಲೆ ತಾಯಿಯಾದ ಹಂಪವ್ವನದಾಗಬೇಕಿತ್ತು. ತೋಟವೆಲ್ಲ ಹುಡುಕಿದರೂ ಕೊಳೆಯದ ಎಲೆ ಒಂದು ಉಡಿಗಾಗುವಷ್ಟೇ ಸಿಕ್ಕಿತು. ಕಳಿಸಬೇಕಾದವರು ಇಬ್ಬರು, ಗಂಗವ್ವನಂತೆ ಸಂಗವ್ವನೂ ಅಂದೇ ಹೊರಟು ಗಂಡನ ಜೊತೆ ಬದುವಿನ ಮೇಲೆ ನಿಂತಿದ್ದಳು. ಹಂಪವ್ವ ಎಲೆ ಹಿಡಿದು ಮಗಳ ಮುಖ ನೋಡಿದಳು. “ಆಕೀಗೇ ಹಾಕವ್ವ. ನಂದು ಇಲ್ಲೇ ಇರ್ಲಿ. ಮುಂದಿನ ಪಂಚಮಿಗೆ ಬಂದು ನಾನ ಹರಕೋತೀನಿ” ಎಂದಳು ಸಂಗವ್ವ. ಹಂಪವ್ವ ಎಲೆಯನ್ನು ನೀರಿಗೆ ಹಾಕಿದಳು, ಕಟ್ಟೆ ಒಡೆದರು. ನೀರು ಎಲೆಯನ್ನೂ ಅಕ್ಕಿಯನ್ನೂ ಎತ್ತಿಕೊಂಡು ಹೊರಟಿತು, ಅದರ ದಂಡೆಯಲ್ಲೇ ಸಂಗವ್ವನೂ ನಡೆದಳು. ಯಾರನ್ನು ನೋಡಬೇಕೆಂದು ತಿಳಿಯದೆ ಹಂಪವ್ವ ಇಬ್ಬರೂ ಮರೆಯಾಗುವವರೆಗೆ ನಿಂತೇ ಇದ್ದಳಂತೆ. ಮರುವರ್ಷ ಸಂಗವ್ವ ಬಂದಾಗ ಉಳಿದ ಬಳ್ಳಿಗಳು ಚಿಗುರಿ ಮರ ಹತ್ತಿದ್ದವು. ತನ್ನ ಎಲೆ ತಾನೇ ಹರಿದುಕೊಂಡಳು. ಹಬ್ಬ ಮುಗಿದೊಡನೆ ಹಂಪವ್ವ ಯಾವ ನೆಪವನ್ನೂ ಹೇಳದೆ ಕಾಲುವೆಯವರೆಗೆ ಬಂದು ಮಗಳನ್ನು ಕಳಿಸಿಕೊಟ್ಟಳು.

ಇಂದಿಗೂ ಪಂಚಮಿಯ ಮಳೆಗೆ ಆ ತೋಟದಲ್ಲಿ ನೀರು ಉಕ್ಕುತ್ತದೆ. ಗಂಗವ್ವ ತವರಿಗೆ ಬಂದಳೆನ್ನುತ್ತಾರೆ. ಆಕೆ ತುಸು ಹೊತ್ತು ಸುಳಿದು, ಕಾಲುವೆ ಹಿಡಿದು ಹೋಗುತ್ತಾಳೆ. ಮದುವೆಗೆ ಬಂದ ಹೊರಗಿನವರು ಕಾಣುವುದು ಇನ್ನೊಂದಿದೆ. ಎಲೆಕೊಪ್ಪದ ಮಗಳು ಗಂಡನ ಮನೆಗೆ ಹೊರಟಾಗ ಉಡಿಯಲ್ಲಿ ಎಲ್ಲವೂ ಇರುತ್ತದೆ, ವೀಳ್ಯದೆಲೆ ಇರುವುದಿಲ್ಲ. ಎಲೆಯ ಊರಿನವರಿಗೆ ಎಲೆಗೇ ಬರವೇ ಎಂದು ಬೀಗರು ಕೆಣಕುತ್ತಾರೆ. ಹುಡುಗಿಯ ತಾಯಿ ಕಾಲುವೆಯ ಈಚೆ ದಂಡೆಯಲ್ಲಿ ನಿಂತು ಒಂದೇ ಮಾತು ಹೇಳುತ್ತಾಳೆ: “ಅದು ಇಲ್ಲೇ ಇರ್ಲಿ ಬಿಡ್ರಿ. ಬಂದು ಹರಕೋತಾಳ.”